ದಿಣ್ಣೆಯ ಗಿಡ, ಹಳ್ಳದ ಗಿಡ

ಇಪ್ಪತ್ತೊಂಬತ್ತನೆಯ ಗಿಡದಲ್ಲೂ ಕಾಯಿ ಇರಲಿಲ್ಲ. ಫ್ಲೋವಿಯಾ ಕೊಂಬೆ ಬಗ್ಗಿಸಿ, ಎಲೆ ಎಲೆ ಮಗುಚಿ ನೋಡಿ, ಸಿಟ್ಟಿನಿಂದ ಬಿಟ್ಟಳು. ಅದು ಚಿಮ್ಮಿ ಅವಳ ಮುಖಕ್ಕೇ ನೀರು ಎರಚಿತು. ದಿಣ್ಣೆಯ ಮೇಲಿದ್ದದ್ದು ಒಟ್ಟು ಮೂವತ್ತು ಗಿಡ. ಎಲ್ಲದರಲ್ಲೂ ಬೆಳ್ಳಗೆ ಹೂವು, ಕಾಯಿ ಮಾತ್ರ ದೇವರಾಣೆಗೂ ಇಲ್ಲ.

"ಮೂವತ್ತನೇದನ್ನೂ ನೋಡ್ಬಿಡು, ಯಾಕೆ ಬಿಡ್ತೀಯ? ಅದಕ್ಕೆ ಬೇಜಾರಾಗತ್ತೆ," ಎಂದ ಗುಂಬಿಲಾಯ್ ಅಜ್ಜ, ಬೆನ್ನಿನ ಬುಟ್ಟಿಯನ್ನು ಇಳಿಸದೆ.

"ತಮಾಷೆ ಬೇಡ ಅಜ್ಜ. ಸೋಮವಾರದೊಳಗೆ ಕಳಿಸ್ಬೇಕು. ಹೂವು ಬಿಡೋಕೆ ಶುರುವಾಗಿ ನಾಲ್ಕು ತಿಂಗಳಾಯ್ತು, ಕಾಯಿ ಎಲ್ಲಿ ಹೋಯ್ತು?"

ಅಜ್ಜ ಕಿನಬಾಲು ಬೆಟ್ಟದ ಕಡೆ ತಿರುಗಿ ಮೋಡ ನೋಡಿದ.

ಫ್ಲೋವಿಯಾ ಕಡಲತೀರದ ಪಟ್ಟಣದ ಸಸ್ಯಾಗಾರದಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಕಾಫಿ ಕುಟುಂಬದ ಒಣ ಗಿಡಗಳ ಬೀರುಗಳೆಲ್ಲ ಅವಳದೇ ಉಸ್ತುವಾರಿ. ಆ ಕುಟುಂಬದ ಗಿಡ ಎಂದು ಗುರುತಿಸುವುದು ಕಷ್ಟವಲ್ಲ: ಎಲೆಗಳು ಎದುರುಬದುರು, ಎರಡು ತೊಟ್ಟುಗಳ ನಡುವೆ ಉಗುರಿನಷ್ಟು ಪುಟ್ಟ ಪೊರೆ. ಅಜ್ಜ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿಯೇ ಹೇಳಿಬಿಡುತ್ತಿದ್ದ. ಕಷ್ಟ ಶುರುವಾಗುವುದು ಆಮೇಲೆ, ಅಷ್ಟು ದೊಡ್ಡ ಸಂಸಾರದಲ್ಲಿ ಇದು ಯಾರ ಮಗು ಎಂದು ಹೇಳಬೇಕಾದಾಗ. ಬೇರೆಯವರು ಇಟ್ಟ ಹೆಸರುಗಳನ್ನು ಚೀಟಿಯ ಮೇಲೆ ಬರೆದು ಅಂಟಿಸಿ ಅಂಟಿಸಿ ಅವಳಿಗೆ ಸಾಕಾಗಿತ್ತು. ತಾನೂ ಒಂದು ಹೆಸರಿಡಬೇಕು ಎಂಬ ಆಸೆ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

ದಿಣ್ಣೆಯ ಗಿಡವನ್ನು ಹೋಲುವ, ಹಿಂದೆಯೇ ಹೆಸರು ಪಡೆದ ಗಿಡವೊಂದಿತ್ತು. ಬೀರುವಿನಲ್ಲಿ ಅದನ್ನು ಒಣಗಿಸಿ ಅಂಟಿಸಿದ ನಾಲ್ಕೇ ನಾಲ್ಕು ಹಾಳೆ. ಆ ನಾಲ್ಕರಲ್ಲೂ ಹೂವಿನ ನಡುವಿನ ಕಡ್ಡಿ, ಎಂದರೆ ಕಾಯಿ ಕಟ್ಟುವ ಹೆಣ್ಣುಭಾಗ, ಉದ್ದಕ್ಕೆ ಹೊರಚಾಚಿತ್ತು. ದಿಣ್ಣೆಯ ಹೂವಿನಲ್ಲಿ ಅದು ಗಿಡ್ಡಾಗಿ ಒಳಗೇ ಅಡಗಿದ್ದು, ಪರಾಗದ ಕೇಸರಗಳು ಹೊರಗೆ ಇಣುಕುತ್ತಿದ್ದವು. ಈ ಕುಟುಂಬದಲ್ಲಿ ಒಂದೇ ಜಾತಿಯ ಗಿಡಗಳು ಹೀಗೆ ಎರಡು ಬಗೆಯ ಹೂ ಬಿಡುವುದುಂಟು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಮೂವತ್ತು ಗಿಡ ಎಣಿಸಿ ನೋಡಿದ್ದಳು. ಮೂವತ್ತೂ ಒಂದೇ ಥರ. ಹೊಸ ಜಾತಿ ಎಂದು ಬರೆದಳು. ಗುಂಬಿಲಾಯನ ಹೆಸರಿಗೆ ಲ್ಯಾಟಿನ್ನಿನ ಬಾಲ ಹಚ್ಚಿ ಇಟ್ಟಳು. ವಿಜ್ಞಾನ ಪತ್ರಿಕೆಯವರು ಒಪ್ಪಿದರು. ಕಾಯಿಯ ವಿವರವೊಂದು ಸೇರಿಸಿ ಕಳಿಸಿ, ಅಚ್ಚು ಹಾಕುತ್ತೇವೆ ಎಂದರು.

ಅಜ್ಜನಿಗೆ ಈ ಹೆಸರು ಸಣ್ಣ ಮಾತಾಗಿರಲಿಲ್ಲ. ನಲವತ್ತು ವರ್ಷ ಊರೂರಿನ ಸಸ್ಯಪಂಡಿತರ ಹಿಂದೆ ಬುಟ್ಟಿ ಹೊತ್ತು, ಅವರಿಗಾಗಿ ಮರ ಹತ್ತಿದವನು. ಬಂದವರ ಹೆಸರೆಲ್ಲ ಒಂದೊಂದು ಗಿಡಕ್ಕೆ ಅಂಟಿಕೊಂಡಿತು. ಆಚೆ ಊರಿನ ಲಾಂತೋಂಗ್ ಕೂಡ ಮರ ಹತ್ತುವವನೇ, ಅವನ ಹೆಸರೂ ಒಂದು ಕಾಡುಶುಂಠಿಗೆ ಬಂತು. ಅವತ್ತಿನಿಂದ ಅವನು ಸಂತೆಯಲ್ಲಿ ಸಿಕ್ಕಾಗಲೆಲ್ಲ, "ಏನಪ್ಪಾ, ನಮ್ಮ ಶುಂಠಿ ಹೇಗಿದೆ ನಿಮ್ಮ ಕಡೆ?" ಎಂದು ಕೆಣಕುತ್ತಿದ್ದ. ಹೆಸರು ಬರುವ ಖುಷಿಗೆ ಭಾನುವಾರ ಹಂದಿ ಕಡಿಯುವುದೆಂದು ಗುಂಬಿಲಾಯ್ ಊರಿಗೆಲ್ಲ ಹೇಳಿಯಾಗಿತ್ತು. ಲಾಂತೋಂಗನಿಗೆ ಎರಡು ಸಲ ಹೇಳಿ ಕಳಿಸಿದ್ದ.

ಮಧ್ಯಾಹ್ನ ಇಬ್ಬರೂ ಬರಿಗೈಯಲ್ಲಿ ಮನೆಗೆ ಇಳಿದರು. ಅಜ್ಜನ ಹೆಂಡತಿ ಜೋಮಿನಾ ಅನ್ನ, ಒಣಮೀನು, ಕಾಡುಮಾವಿನ ಉಪ್ಪಿನಕಾಯಿ ಬಡಿಸಿದಳು. ಫ್ಲೋವಿಯಾ ತಿನ್ನುವುದು ಬಿಟ್ಟು ಅನ್ನವನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಸರಿಸುತ್ತಿದ್ದಳು.

"ಯಾಕೆ, ಸೇರ್ಲಿಲ್ವಾ?"

"ಹಾಗಲ್ಲ ಅಜ್ಜಿ. ಆ ಗಿಡದಲ್ಲಿ ಕಾಯೇ ಇಲ್ಲ."

"ಯಾವುದು, ಪೆಟ್ಲುಕಾಯಿ ಗಿಡದಲ್ಲಾ?" ಅಜ್ಜಿ ನಕ್ಕಳು. "ದಿಣ್ಣೆ ಮೇಲೆ ಅದು ಯಾವತ್ತು ಕಾಯಿ ಬಿಟ್ಟಿದೆ? ಆ ಕಡೆ ಹಳ್ಳಕ್ಕೆ ಇಳೀರಿ, ಸುರೀತಾ ಇದೆ. ಮಕ್ಕಳೆಲ್ಲ ಬಿದಿರಿನ ಪೆಟ್ಲಿಗೆ ಅದನ್ನೇ ಹಾಕಿ ನನ್ನ ಕೋಳಿಗಳಿಗೆ ಹೊಡೀತಾವೆ. ಇವ್ರಿಗೆ ಗೊತ್ತಲ್ಲ!"

ಅಜ್ಜ ಮೀನಿನ ಮುಳ್ಳು ತೆಗೆಯುವುದರಲ್ಲಿ ಮುಳುಗಿಹೋಗಿದ್ದ.

"ಅಜ್ಜ?"

"ಹಳ್ಳದಲ್ಲಿ ಜಿಗಣೆ," ಎಂದ. ಇನ್ನೊಂದು ಮುಳ್ಳು ತೆಗೆದಿಟ್ಟು, "ಮಂಡಿ ಬೇರೆ ನೋವು," ಎಂದ.

"ನೆನ್ನೆ ಹಂದಿ ಹಿಂದೆ ಓಡುವಾಗ ಎಲ್ಲಿತ್ತು ಆ ಮಂಡಿ?" ಎಂದಳು ಜೋಮಿನಾ.

ಮತ್ತೆ ದಿಣ್ಣೆ ಹತ್ತಿ ಆಚೆ ಇಳಿದರು. ಯಾವಾಗಲೂ ಮುಂದೆ ಇರುತ್ತಿದ್ದ ಅಜ್ಜ ಇವತ್ತು ಹಿಂದೆ ಬಿದ್ದಿದ್ದ. ಕಾಯಿ ಸಿಗುತ್ತದೆಂಬ ಸಂತೋಷ ಯಾಕೆ ಬರುತ್ತಿಲ್ಲ ಎಂದು ಫ್ಲೋವಿಯಾ ತನ್ನನ್ನೇ ಬೈದುಕೊಂಡಳು. ಬೇರು ಹಿಡಿದು ಜಾರಿ, ಕೆಸರಿನಲ್ಲಿ ಕೂತು, ಎದ್ದು, ಹಳ್ಳ ಮುಟ್ಟಿದಳು.

ಹಳ್ಳದ ಎರಡು ಬದಿಗೂ ಅದೇ ಗಿಡ. ಒಂದೊಂದು ಗೊಂಚಲಲ್ಲೂ ಹೂವಿನ ಜೊತೆಗೆ ನೀಲಿ ಮಣಿಗಳಂಥ ಕಾಯಿ. ಅವಳು ಹತ್ತಿರದ ಹೂವೊಂದನ್ನು ಕಿತ್ತು, ಬ್ಲೇಡಿನಿಂದ ಸೀಳಿ, ಭೂತಗನ್ನಡಿ ಹಿಡಿದಳು. ಗಿಡ್ಡ ಕಡ್ಡಿ. ಉಸಿರು ಬಿಟ್ಟಳು. ಪಕ್ಕದ ಗಿಡದ ಹೂವನ್ನು ಸೀಳುವ ಅಗತ್ಯವೇ ಬೀಳಲಿಲ್ಲ. ಅದರ ಕಡ್ಡಿ ಉದ್ದಕ್ಕೆ ಹೊರಗೆ ಚಾಚಿತ್ತು, ಬೀರುವಿನ ಆ ನಾಲ್ಕು ಹಾಳೆಗಳಲ್ಲಿದ್ದಂತೆಯೇ. ಎಲೆ ಅದೇ, ಪೊರೆ ಅದೇ, ಎಲೆಯಡಿಯ ರೋಮವೂ ಅದೇ. ಮೂರನೆಯದು ಗಿಡ್ಡ. ನಾಲ್ಕು, ಐದು ಉದ್ದ. ಆರನೆಯದು ಬುಡದ ಬೇರನ್ನು ನೆಲದಲ್ಲೇ ಹರಿಯಬಿಟ್ಟು ಐದಾರು ಮರಿ ಎಬ್ಬಿಸಿತ್ತು. ಅವಳಿಗೆ ಎಲ್ಲ ಅರ್ಥವಾಯಿತು. ದಿಣ್ಣೆಯ ಮೂವತ್ತೂ ಒಂದೇ ಬೇರಿನ ಮರಿಗಳು. ಅವಳು ಮೂವತ್ತು ಸಲ ಒಂದೇ ಗಿಡವನ್ನು ಎಣಿಸಿದ್ದಳು. ಹೊಸ ಜಾತಿಯೂ ಇಲ್ಲ, ಮಣ್ಣೂ ಇಲ್ಲ.

ಅಜ್ಜ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತು ಹೊಗೆಸೊಪ್ಪು ಸುತ್ತುತ್ತಿದ್ದ.

"ನಿಮಗೆ ಗೊತ್ತಿತ್ತಾ ಅಜ್ಜ?"

"ಒಳಗಿನ ಕಡ್ಡಿ ಉದ್ದಾನೋ ಗಿಡ್ಡಾನೋ ನಾನೇನು ಕಂಡೆ? ಎರಡೂ ಪೆಟ್ಲುಕಾಯಿ ಗಿಡಾನೇ ಅನ್ನೋದು ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೊದಲನೇ ದಿನಾನೇ ಹೇಳಿದ್ದೆ. ನೀನೇ ನಿನ್ನ ಪುಸ್ತಕದಲ್ಲಿ ಬರ್ಕೊಂಡೆ. ಆಮೇಲೆ ನನ್ನ ಹೆಸರು ಇಡ್ತೀನಿ ಅಂದೆ." ಅವನು ಸುತ್ತಿದ್ದನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದ. "ಆಮೇಲೆ ನಾನು ಹೇಳ್ಲಿಲ್ಲ."

ಅವಳು ಪುಸ್ತಕ ತೆಗೆದು ಹಾಳೆ ತಿರುವಿದಳು. ಅವಳದೇ ಅಕ್ಷರ, ಪೆನ್ಸಿಲಿನಲ್ಲಿ: ಊರಿನ ಹೆಸರು ಪೆಟ್ಲುಕಾಯಿ, ಹಳ್ಳದಲ್ಲೂ ಇದೆಯಂತೆ. ಊರಿನವರು ಹತ್ತು ಗಿಡಕ್ಕೆ ಒಂದೇ ಹೆಸರು ಹೇಳುತ್ತಾರೆ ಎಂದುಕೊಂಡು ಅವತ್ತು ಹಾಳೆ ಮಗುಚಿದ್ದಳು. ಹಳ್ಳದಂಚಿನಲ್ಲಿ ಹತ್ತು ಹೆಜ್ಜೆ ಹೋದಳು, ಹತ್ತು ಹೆಜ್ಜೆ ಬಂದಳು, ಮತ್ತೆ ಹೋದಳು.

"ಅಜ್ಜ, ಗಿಡ್ಡ ಕಡ್ಡಿ ಗಿಡದ ಕಾಯಿ ಮಾತ್ರ ಕಿತ್ಕೊಂಡು ಹೋಗೋಣ," ಎಂದಳು ಕೊನೆಗೆ, ಅವನ ಮುಖ ನೋಡದೆ. "ಈ ಹಳ್ಳಕ್ಕೆ ಯಾರು ಬರ್ತಾರೆ?"

"ಲಾಂತೋಂಗ್ ಬರ್ತಾನೆ."

"ಅವನಿಗೇನು ಗೊತ್ತಾಗತ್ತೆ?"

"ಅವನಿಗಾ?" ಅಜ್ಜ ಮೊದಲ ಸಲ ಅವಳ ಕಡೆ ತಿರುಗಿದ. "ಬಾಯಿ ದೊಡ್ಡದು ಅಷ್ಟೇ, ಕಣ್ಣು ನನ್ನಷ್ಟೇ ಚುರುಕು. ಒಂದೇ ಮರಕ್ಕೆ ಎರಡೆರಡು ಹೆಸರಿಟ್ಟ ಪಟ್ಟಣದವರನ್ನ ನೋಡಿ ನಾವಿಬ್ರೂ ಹೊಟ್ಟೆ ಹಿಡ್ಕೊಂಡು ನಕ್ಕಿದೀವಿ ಮಗಳೇ. ಇನ್ಮೇಲೆ ಅವನೊಬ್ಬನೇ ನಗ್ಬೇಕಾ, ನನ್ನ ನೋಡ್ಕೊಂಡು?"

"ಭಾನುವಾರ ಏನು ಹೇಳ್ತೀರ?"

"ಹಂದಿಗೆ ಯಾವ ಹೆಸರಾದ್ರೇನು, ರುಚಿ ಅದೇ," ಎಂದ. ನಗಲು ಹೋದ, ಆಗಲಿಲ್ಲ. ಬೀಡಿ ಹಚ್ಚದೆ ಕಿವಿಯ ಮೇಲೆ ಸಿಕ್ಕಿಸಿಕೊಂಡು ಎದ್ದ. ತಾನೇ ಕತ್ತಿ ತೆಗೆದು, ಉದ್ದ ಕಡ್ಡಿಯ ಗಿಡದಿಂದೊಂದು, ಗಿಡ್ಡ ಕಡ್ಡಿಯ ಗಿಡದಿಂದೊಂದು ಕೊಂಬೆ ಕಡಿದು, ಹಳೆಯ ಪತ್ರಿಕೆಯ ಒಂದೇ ಮಡಿಕೆಯಲ್ಲಿ ಜೋಡಿಸಿದ. ಅವನು ಹಾಗೆ ಎಲೆಗಳನ್ನು ಅಂಗೈಯಲ್ಲಿ ಸವರಿ ಮಲಗಿಸುವುದನ್ನು ನೋಡಿ ಫ್ಲೋವಿಯಾ ಚೀಟಿ, ಪೆನ್ಸಿಲು ತೆಗೆದಳು.

ಗಿಡ ಕಿತ್ತವರ ಹೆಸರು, ಅವರ ಲೆಕ್ಕದ ಸಂಖ್ಯೆ ಚೀಟಿಯ ಮೇಲೆ ಬರೆಯುವುದು ಪದ್ಧತಿ. ಅವಳ ಲೆಕ್ಕ ಸಾವಿರದ ನೂರು ದಾಟಿತ್ತು. ಅವಳು ತನ್ನ ಹೆಸರು ಬರೆಯಲಿಲ್ಲ. 'ಗುಂಬಿಲಾಯ್, ೧' ಎಂದು ಬರೆದು ಅವನಿಗೆ ತೋರಿಸಿದಳು.

"ಒಂದು ಅಂದ್ರೆ?"

"ನೀವು ಕಿತ್ತ ಮೊದಲನೇದು. ನಿಮ್ಮ ಲೆಕ್ಕ ಇಲ್ಲಿಂದ ಶುರು."

"ನಲವತ್ತು ವರ್ಷ ಕಿತ್ತ ಮೇಲೆ," ಎಂದ ಅಜ್ಜ, "ಇದು ಮೊದಲನೇದಾ?"

ಬುಟ್ಟಿ ಹೊತ್ತು ಏರು ಹತ್ತಿದರು. ಈಗ ಅಜ್ಜನೇ ಮುಂದೆ. ಅರ್ಧ ಏರಿನಲ್ಲಿ ಅವನು ತಿರುಗದೆಯೇ ಕೇಳಿದ:

"ಮೇಲಿನವು ಯಾಕೆ ಕಾಯಿ ಬಿಡಲ್ಲ ಹಾಗಾದ್ರೆ?"

"ಎಲ್ಲ ಒಂದೇ ಬೇರು. ತನ್ನ ಪರಾಗ ತನಗೆ ಆಗಲ್ಲ. ಉದ್ದ ಕಡ್ಡಿಯವುಗಳದ್ದೇ ಬೇಕು. ಅಷ್ಟು ದೂರ ಹುಳ ಹತ್ತಿ ಬರಲ್ಲವೇನೋ."

ಅಜ್ಜ ನಿಂತ. ಬುಟ್ಟಿಯನ್ನು ಅವಳ ಕೈಗೆ ಕೊಟ್ಟು ಸರಸರನೆ ಕೆಳಗಿಳಿದ. ಮರಳಿ ಬಂದಾಗ ಕೈಯಲ್ಲಿ ಒಂದು ಹೊರೆ ಹೂಗೊಂಚಲು, ಎಲ್ಲ ಉದ್ದ ಕಡ್ಡಿಯವು. ಮಂಡಿ ನೋವಿನ ಸುದ್ದಿಯೇ ಇರಲಿಲ್ಲ.

ದಿಣ್ಣೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಅಜ್ಜ ಅವಳು ಮಾಡಿದಂತೆಯೇ ಹಳ್ಳದ ಹೂವೊಂದನ್ನು ಉಗುರಿನಿಂದ ಸೀಳಿ, ಒಳಗಿನ ಹಳದಿ ಪುಡಿಯನ್ನು ಹುಲ್ಲುಕಡ್ಡಿಯ ತುದಿಗೆ ತಾಗಿಸಿ, ಮೊದಲ ಗಿಡದ ಹೂವಿನೊಳಗೆ ಇಳಿಸಿ ತಿರುವಿದ. ಇನ್ನೊಂದು ಹೂವು. ಆಮೇಲೆ ಎರಡನೆಯ ಗಿಡ. ಅವನ ಕೈಗೆ ಎಟುಕದ ಕೊಂಬೆಗಳನ್ನು ಫ್ಲೋವಿಯಾ ಬಗ್ಗಿಸಿ ಹಿಡಿದಳು. ಮನೆಯ ಕಡೆಯಿಂದ ಜೋಮಿನಾ ಊಟಕ್ಕೆ ಕೂಗುತ್ತಿದ್ದಳು. ಅವರು ಓಗೊಡಲಿಲ್ಲ.

ಇಪ್ಪತ್ತೊಂಬತ್ತು ಮುಗಿಯುವಷ್ಟರಲ್ಲಿ ಗೊಂಚಲಿನಲ್ಲಿ ಒಂದೇ ಹೂವು ಉಳಿದಿತ್ತು.

"ಸಾಕು ಅಜ್ಜ, ಕತ್ತಲಾಗತ್ತೆ."

"ಮೂವತ್ತನೇದಕ್ಕೆ ಬೇಜಾರಾಗತ್ತೆ," ಎಂದ ಗುಂಬಿಲಾಯ್. ಆ ಹೂವನ್ನು ಎರಡು ಬೆರಳಲ್ಲಿ ಹಿಡಿದು, ಗಾಳಿ ತಾಗದಂತೆ ಇನ್ನೊಂದು ಅಂಗೈ ಅಡ್ಡವಿಟ್ಟುಕೊಂಡು, ಕೊನೆಯ ಗಿಡದ ಕಡೆ ನಿಧಾನವಾಗಿ ಹೆಜ್ಜೆ ಹಾಕಿದ.