ಸುಣ್ಣದ ಕರೆ

ಬಿಟ್ಟಿತು!

ನಿದಿಯಾ ಕಾಂಚೆ ಒದ್ದೆ ಬಟ್ಟೆಯನ್ನು ಸರಿಸಿ ಮರದ ಸಟ್ಟುಗವನ್ನು ಮೆಲ್ಲನೆ ಒತ್ತಿದಳು. ಟೈಲಿಗೆ ಕಲ್ಲಿನಂತೆ ಕಚ್ಚಿಕೊಂಡಿದ್ದ ಸುಣ್ಣದ ಕರೆ ಹಪ್ಪಳದಂತೆ ಎದ್ದು ಬಂತು. ಅಡಿಯಲ್ಲಿ ಹಸಿರು. ಎಳೆ ಬಾಳೆಲೆಯ ಹಸಿರು. ಒಂದು ಗೀರೂ ಇಲ್ಲ.

ಕರೆ ತೆಗೆಯುವ ಕೆಲಸ ಹಿಡಿದು ಮೂರು ವಾರದಿಂದ ಹೋಟೆಲಿನ ಈ ಬತ್ತಿದ ಈಜುಕೊಳದೊಳಗೆ ಮಂಡಿಯೂರಿದ್ದಳು. ಮೊದಲು ಹಾಕಿದ ಕಡು ಆಮ್ಲ ಟೈಲುಗಳ ನಡುವಿನ ಸಿಮೆಂಟನ್ನು ತಿಂದಿತ್ತು. ತಂತಿ ಬ್ರಷ್ಷು ಹೊಳಪನ್ನು ಕೆರೆದಿತ್ತು. ಮೆರಿದಾ ಊರಿನ ಸುಣ್ಣದ ನೀರೇ ಅಂಥದು, ಚಹಾ ಕಾಯಿಸುವ ಪಾತ್ರೆಯನ್ನೂ ಬಿಡುವುದಿಲ್ಲ. ಕೊನೆಗೆ ಗೆದ್ದದ್ದು ನಿಂಬೆ ಉಪ್ಪು, ಬಿಸಿನೀರು, ಹಳೆಯ ಬಟ್ಟೆ, ಇಪ್ಪತ್ತು ನಿಮಿಷ. ಹದಿನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟಾಗ, ಒಂದು ದಿನ ಆ ವಿಭಾಗವನ್ನೇ ಮುಚ್ಚಿದಾಗ ಕೂಡ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಗಂಡ ಎಫ್ರಾಯಿನನಿಗೆ ಫೋನ್ ಮಾಡಿದಳು.

“ಹೋಯ್ತು! ಪೂರ್ತಿ ಹೋಯ್ತು!”

“ಯಾರು ಹೋದ್ರು?”

“ಕರೆ! ಒಂದು ಗೀರೂ ಬಿದ್ದಿಲ್ಲ.”

“ಓ.” ಹಿಂದೆ ಟೀವಿಯ ಸದ್ದು. “ಊಟಕ್ಕೆ ಬರ್ತೀಯ ತಾನೆ? ಇವತ್ತು ಸೋಮವಾರ, ಕರಿಕಾಳು-ಹಂದಿಮಾಂಸದ ದಿನ.”

ಹೇಳಬೇಕಾದವನಿಗೆ ಹೇಳಿದ್ದಾಯಿತು. ತಲುಪಿತೇ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ.

ಹೋಟೆಲಿನ ಕಾವಲುಗಾರ ದೋನ್ ವಿಲ್ಬೆರ್ತ್ ಕೊಳದ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತ.

“ಸಾಕು ಬಿಡಿ, ಟೀಚರಮ್ಮ.”

“ಯಾಕೆ?”

“ಬಿಸಿಲು.”

“ಈ ಹಸಿರು ನೋಡಿದ್ರಾ? ನೀವಿಲ್ಲಿ ಎಷ್ಟು ವರ್ಷದಿಂದ ಇದೀರಿ?”

“ಹತ್ತೊಂಬತ್ತು. ಬಿಳೀದೇ ಅಂದ್ಕೊಂಡಿದ್ದೆ.”

ಅವಳು ಜೋರಾಗಿ ನಕ್ಕಳು. ಅವನು ನಗಲಿಲ್ಲ.

“ಲಾರಿ ಬರುತ್ತೆ,” ಅಂದ. “ಇದಕ್ಕೆ ಮಣ್ಣು ತುಂಬಿಸ್ತಾರಂತೆ. ಯಜಮಾನಿಗೆ ಕಾರು ನಿಲ್ಲಿಸೋಕೆ ಜಾಗ ಬೇಕಂತೆ.”

“ಯಾವಾಗ ಗೊತ್ತಾಯ್ತು?”

“ಗುರುವಾರ. ನಿಮಗೆ ತಿಳಿಸು ಅಂದಿದ್ರು. ಹೇಳೋಣ ಅಂತಾನೇ ಅವತ್ತು ಬಂದಿದ್ದೆ. ನೀವು ಹಾಡ್ತಾ ಇದ್ರಿ.”

ತಾನು ಹಾಡುತ್ತಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಯಾವ ಹಾಡು ಎಂದು ಕೇಳಬೇಕೆನ್ನಿಸಿತು.

“ಲಾರಿ ಎಷ್ಟು ಹೊತ್ತಿಗೆ?”

“ಹನ್ನೆರಡಕ್ಕೆ.”

ಹನ್ನೊಂದೂ ಹತ್ತು. ಸಿಟ್ಟು ಬರಬೇಕಿತ್ತು, ಅವಳು ಸಭ್ಯವಾಗಿ ಒಂದು ಕ್ಷಣ ಕಾದಳು. ಬರಲಿಲ್ಲ. ಉಳಿದಿರುವುದು ಒಂದೇ ಗೋಡೆ. ಇಡೀ ಗೋಡೆಗೆ ಒಟ್ಟಿಗೆ ಬಟ್ಟೆ ಹಚ್ಚಿದರೆ ಮುಗಿಯುತ್ತದೆ. ಮುಗಿಯುತ್ತದೆ!

“ಹೋಟೆಲಿನ ಹಳೇ ಟವೆಲ್ಲು ಎಷ್ಟಿದೆಯೋ ಅಷ್ಟೂ ತನ್ನಿ. ಬೇಗ!”

“ಟೀಚರಮ್ಮ, ನಾನು ಹೇಳಿದ್ದು ಕೇಳಿಸ್ತಾ?”

“ಕೇಳಿಸ್ತು. ಬಿಸಿನೀರೂ ತನ್ನಿ.”

ತಂದ. ಅವಳು ಓಡಾಡಿದಳು, ಹಚ್ಚಿದಳು, ಗಡಿಯಾರ ನೋಡಿದಳು, ಎಬ್ಬಿಸಿದಳು. ಬೆರಳ ಸಂದಿಗಳು ಉರಿದವು. ಒಂದೊಂದು ಚಕ್ಕೆ ಬಿದ್ದಾಗಲೂ “ಬಿಟ್ತು!” ಎಂದು ಕೂಗಿದಳು. ಇಷ್ಟು ಸುಖ ತನಗೆ ಯಾವ ಕಾರಣಕ್ಕೂ ಆದದ್ದಿಲ್ಲ ಎಂಬುದು ಹೊಳೆದು, ತುಸು ಭಯವಾಯಿತು.

ಕೊಳದ ಆಳವಿಲ್ಲದ ತುದಿಗೆ ಲಾರಿ ಹಿಂದೆ ಹಿಂದೆ ಬಂದು ನಿಂತಿತು.

“ಅಯ್ಯೋ, ಒಳಗೆ ಯಾರೋ ಹೆಂಗಸು ಇದಾರಲ್ರೀ!” ಚಾಲಕ ಕಿರುಚಿದ.

“ಆ ಕಡೆಯಿಂದ ಸುರೀರಿ,” ತಿರುಗದೆಯೇ ಕೂಗಿದಳು. “ನಂದು ಇನ್ನು ನಾಲ್ಕೇ ಟೈಲು!”

ಚಾಲಕ ದೋನ್ ವಿಲ್ಬೆರ್ತ್‌ನ ಮುಖ ನೋಡಿದ. ಅವನು ಎಲ್ಲೋ ನೋಡಿದ. ಲಾರಿಯ ಬೆನ್ನು ಎದ್ದಿತು. ಬಿಳಿ ಮಣ್ಣು ಜಾರಿತು.

ಧೂಳು ನಿಧಾನವಾಗಿ ಅವಳ ಕಡೆಗೆ ನಡೆದು ಬಂದು, ಒದ್ದೆ ಹಸಿರಿನ ಮೇಲೆ ಕೂತಿತು. ಅಂಗೈಯಿಂದ ಒರೆಸಿದಳು. ಹಸಿರು. ಕೈ ತೆಗೆಯುವಷ್ಟರಲ್ಲಿ ಬಿಳಿ. ಮತ್ತೆ ಒರೆಸಿದಳು.