ಎರಡೂ ಎಡತೋಳು

ನಾನು ಗದುಗಿನ ಒಂದು ಛಾಪಖಾನೆಯಲ್ಲಿ ಹುಟ್ಟಿದ ಗೋಡೆ ಕ್ಯಾಲೆಂಡರ್. ಕೊನೆಯ ದಿನವನ್ನು ಮೈಮೇಲೆ ಅಚ್ಚು ಹಾಕಿಸಿಕೊಂಡೇ ಹುಟ್ಟುವ ಜಾತಿ ನಮ್ಮದು. ಅದಕ್ಕೇ ಏನೋ, ನಮಗೆ ನೆಮ್ಮದಿ ಕಡಿಮೆ.

ಬೆಟಗೇರಿಯ ನೀಲವ್ವ ನನ್ನನ್ನು ತನ್ನ ಹೊಲಿಗೆ ಕೋಣೆಯಲ್ಲಿ ಮಷೀನಿನ ಎದುರಿಗೆ ನೇತುಹಾಕಿದಳು. ಯಾರ ಬ್ಲೌಸು ಯಾವತ್ತು ಕೊಡಬೇಕೆಂದು ನನ್ನ ಚೌಕಗಳಲ್ಲಿ ಬರೆಯುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಫಕ್ಕೀರವ್ವ ಕಲಿಯಲು ಬಂದಳು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿ. ಗೋಡೆಗೆ ಒತ್ತಿ ಕುಳಿತು ಹುಕ್ ಹಚ್ಚುವಳು, ಕಾಜಾ ಹಾಕುವಳು, ನೀಲವ್ವನ ಕೈಯನ್ನೇ ನೋಡುವಳು. ಕತ್ತರಿ ಮಾತ್ರ ನೀಲವ್ವನದು.

“ಬಾಯಾಗ ಸೂಜಿ ಇಟ್ಕೊಂಡಿ ಏನಬೇ? ಒಂದ ಮಾತರ ಆಡು,” ಎಂದು ನೀಲವ್ವ ಕೆಣಕುತ್ತಿದ್ದಳು. ಫಕ್ಕೀರವ್ವ ತಲೆ ತಗ್ಗಿಸಿ ನಗುತ್ತಿದ್ದಳು. ಅವರಿಬ್ಬರ ಸಂಬಂಧವೆಂದರೆ ಹತ್ತು ತಿಂಗಳೂ ಇಷ್ಟೇ: ಒಬ್ಬಳು ಆಡುವುದು, ಇನ್ನೊಬ್ಬಳು ನೋಡುವುದು.

ತುಳಸಿ ಲಗ್ನ ಮುಗಿದು ಮದುವೆ ಹೊಲಿಗೆ ಒತ್ತರಿಸಿ ಬಂತು. ಒಂದು ಮಧ್ಯಾಹ್ನ ಮದುಮಗಳ ಬ್ಲೌಸಿನ ನೇರಳೆ ಖಣಕ್ಕೆ ಗುರುತು ಹಾಕಿ, ತೋಳು ಕತ್ತರಿಸುವುದೊಂದು ಬಾಕಿ ಇರುವಾಗ ನೀಲವ್ವನನ್ನು ನೆರೆಯವರು ಕರೆದರು. ಕೋಣೆಯಲ್ಲಿ ಫಕ್ಕೀರವ್ವ ಒಬ್ಬಳೇ. ನೀಲವ್ವನ ಕೆಲಸ ಹಗುರ ಮಾಡಬೇಕೆನಿಸಿತೋ, ತನ್ನ ಕೈಯನ್ನು ಪರೀಕ್ಷಿಸಬೇಕೆನಿಸಿತೋ, ಕತ್ತರಿ ಎತ್ತಿಕೊಂಡಳು. ಬಟ್ಟೆಯನ್ನು ಮಡಚಿ ಕತ್ತರಿಸಿದ್ದರೆ ಒಂದು ಎಡ, ಒಂದು ಬಲ ಆಗುತ್ತಿತ್ತು. ಇವಳು ಬಿಡಿಸಿ, ಒಂದೊಂದಾಗಿ ಕತ್ತರಿಸಿದಳು. ಎರಡೂ ಎಡತೋಳೇ ಆದವು. ಖಣಕ್ಕೆ ಒಳಮೈ ಬೇರೆ, ಹೊರಮೈ ಬೇರೆ, ತಿರುವಿ ಹಚ್ಚುವಂತಿಲ್ಲ. ತಪ್ಪು ಅವಳಿಗೂ ಕಂಡಿತು. ಮಿಕ್ಕ ತುಂಡುಗಳ ಕೆಳಗೆ ತೋಳುಗಳನ್ನು ಸರಿಸಿ, ಹುಕ್ಕಿನ ಡಬ್ಬಿ ಹಿಡಿದು ಕುಳಿತಳು.

ಸಂಜೆ ಹೊಲಿಯಲು ಕುಳಿತ ನೀಲವ್ವ ತೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಯಾವಾಗ ಕತ್ತರಿಸಿದ್ನೋ ನೆಪ್ಪ ಸೈತ ಇಲ್ಲ. ನನ್ನ ಕಣ್ಣ ಹೋದ್ವು, ಫಕ್ಕೀರಿ.”

ಹುಡುಗಿ ತಲೆ ತಗ್ಗಿಸಿ ಮುಂದಿನ ಹುಕ್ ಹಚ್ಚಿದಳು.

ಬೇರೆ ಖಣ ತಂದು ಆ ಬ್ಲೌಸನ್ನೇನೋ ಹೊಲಿದದ್ದಾಯಿತು. ಆದರೆ ಅಂದಿನಿಂದ ನೀಲವ್ವ ಒಂದೊಂದು ಬಟ್ಟೆಯನ್ನೂ ಮೂರು ಸಲ ಅಳೆದಳು. ಕತ್ತರಿ ಎತ್ತಿ ಮತ್ತೆ ಕೆಳಗಿಡುತ್ತಿದ್ದಳು. ಡಿಸೆಂಬರಿನಲ್ಲಿ ಹೇಳಿಯೇಬಿಟ್ಟಳು: “ಹೊಸಾ ವರ್ಷಕ್ಕ ಮಷೀನ ಕೊಟ್ಟಬಿಡ್ತೀನಿ. ಕಂಡೋರ ಬಟ್ಟಿ ಕೆಡಸೂದು ಬ್ಯಾಡ.”

ಆಮೇಲೆ ಫಕ್ಕೀರವ್ವ ನನ್ನನ್ನೇ ನೋಡತೊಡಗಿದಳು. ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಹೇಳಬೇಕಾದ ಬಾಯಿ ಒಂದೇ ಇತ್ತು. ಇಪ್ಪತ್ತು ಕಳೆಯಿತು, ಇಪ್ಪತ್ತೈದು ಕಳೆಯಿತು. ದಿನವನ್ನು ಹಿಡಿದು ನಿಲ್ಲಿಸಲು ಕ್ಯಾಲೆಂಡರಿಗೆ ಆಗುವುದಿಲ್ಲ.

ಮೂವತ್ತೊಂದರ ಬೆಳಿಗ್ಗೆ ಮಷೀನು ನೋಡಲು ಗಿರಾಕಿ ಬರುವುದಿತ್ತು. ಫಕ್ಕೀರವ್ವ ಸ್ಟೂಲು ಹತ್ತಿ ನನ್ನನ್ನು ಇಳಿಸಿದಳು. ಹಾಳೆ ಬಿಡಿಸಿ ಮೇಜಿನ ಮೇಲೆ ಹಾಸಿ, ನೀಲವ್ವನ ಕಣ್ಣೆದುರೇ ಕತ್ತರಿ ಎತ್ತಿಕೊಂಡಳು. ಮೊದಲು ಒಂದು ತೋಳು, ಆಮೇಲೆ ಇನ್ನೊಂದು. ನನಗೆ ನೋವಾಯಿತು, ನಿಜ. ಆದರೆ ಅವಳ ಕೈ ತಡೆಯಲು ನನಗೂ ಮನಸ್ಸಿರಲಿಲ್ಲ.

“ನೋಡ್ರಿ ಅಕ್ಕಾರ. ಅವತ್ತ ಹಿಂಗ ಕತ್ತರಿಸಿದಾಕಿ ನಾನ ರೀ.”

ನೀಲವ್ವ ಎರಡೂ ಎಡತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು.

“ತಿಂಗಳ ಮ್ಯಾಲಾತು, ಕುರುಡಿ ಆದ್ನಿ ಅಂತ ಒಳಗೊಳಗ ಸಾಯಾಕತ್ತೀನಿ. ನೀ ಎದರಿಗೇ ಕುಂತ ಹುಕ್ ಹಚ್ಚಾಕತ್ತಿದ್ದಿ.”

“ಅಂಜಿಕಿ ಬಂತ್ರಿ.”

“ನನಗ ಅಂಜಿಕಿ ಬಂದಿದ್ದಿಲ್ಲೇನ?”

ಫಕ್ಕೀರವ್ವ ಅತ್ತಳು. ನೀಲವ್ವ ಸಮಾಧಾನ ಮಾಡಲಿಲ್ಲ. ಬಂದ ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ, “ಮಷೀನ ಕೊಡಾಂಗಿಲ್ರಿ,” ಎಂದು ಕಳಿಸಿ ಬಂದು, ನನ್ನ ಉಳಿದ ಹಾಳೆಯೊಂದನ್ನು ಹುಡುಗಿಯತ್ತ ತಳ್ಳಿದಳು. “ಅಳಾಕ ಆಮ್ಯಾಲೆ ಹೊತ್ತೈತಿ. ಮಡಚು.”

ನನ್ನ ವರ್ಷ ಮುಗಿದು ಬಹಳ ದಿನವಾಯಿತು. ಎರಡು ಎಡತೋಳಾಗಿ ಕಿಟಕಿಯ ಪಕ್ಕ ತೂಗುತ್ತಿದ್ದೇನೆ. ಒಂದು ವರ್ಷದಲ್ಲಿ ಮನುಷ್ಯರು ಎಷ್ಟು ಬೆಳೆಯುತ್ತಾರೆಂದು ಚೌಕಗಳಲ್ಲಿ ಎಣಿಸಲು ಬಾರದು. ಒಂದು ವಾಕ್ಯದಷ್ಟು ಬೆಳೆದರೂ ದೊಡ್ಡದೇ. ನೀಲವ್ವನ ಮಾತಿನಲ್ಲಿ ಮೊದಲಿನ ಸಲಿಗೆ ಇನ್ನೂ ಪೂರ್ತಿ ಮರಳಿಲ್ಲ. ಹೊಸದಾಗಿ ಕಲಿಯಲು ಬಂದ ಹುಡುಗಿಯರು ನನ್ನನ್ನು ನೋಡಿ, “ಇವು ತಪ್ಪ ಅದಾವಲ್ರಿ, ಯಾರ ಕತ್ತರಿಸಿದ್ದು?” ಎಂದು ನಗುತ್ತಾರೆ.

ನೀಲವ್ವ ಮಷೀನಿನಿಂದ ತಲೆ ಎತ್ತುವುದಿಲ್ಲ. ಫಕ್ಕೀರವ್ವನೇ ಹೇಳುತ್ತಾಳೆ: “ನನ್ನವು.”