ಕಾರಿನ ಹಗ್ಗ

ನವಲಗುಂದದ ಕೋರ್ಟಿನಲ್ಲಿ ನನ್ನದೊಂದು ಕೇಸಿದೆ. ಅರ್ಜಿದಾರಳು ದಾನೇಶ್ವರಿ, ಅಂದರೆ ನಾನು. ಎದುರುದಾರರು ಇಬ್ಬರು. ಒಬ್ಬ ಕಾರು ಓಡಿಸಿದವನು, ಇನ್ನೊಬ್ಬರು ಕಾರಿನ ಮಾಲಕರು. ಮಾಲಕರು ನನ್ನ ಗಂಡ. ತಾರೀಖು ಬಂದಾಗ ಗಂಡಹೆಂಡತಿ ಒಂದೇ ಬಸ್ಸಿಗೆ ಹೋಗುತ್ತೇವೆ, ಒಂದೇ ಬುತ್ತಿ ಬಿಚ್ಚುತ್ತೇವೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ನನಗೆ ಟಿಕೆಟ್ಟಿಲ್ಲ, ಅವರು ಮಾತ್ರ ದುಡ್ಡು ಕೊಡುತ್ತಾರೆ. ಊರವರು ಇದನ್ನು ಸಂಸಾರದ ಜಗಳ ಎಂದುಕೊಂಡಿದ್ದಾರೆ. ಅಲ್ಲ, ಇದು ನನ್ನ ಎಡಗಾಲಿನ ಮಾತು.

ನಮ್ಮ ಊರು ಯಮನೂರಿನ ಹತ್ತಿರ. ನಮ್ಮ ಕಡೆ ಎತ್ತು ಮಾರಿದರೆ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಎತ್ತು ಹೊಡೆದುಕೊಂಡು ಹೋಗಬೇಕು. ಹಗ್ಗ ಹೊಸ್ತಿಲು ದಾಟಿದರೆ ಅದರ ಬೆನ್ನಿಗೆ ಮನೆಯ ಲಕ್ಷ್ಮಿಯೂ ದಾಟುತ್ತಾಳೆ ಎಂದು ನನ್ನ ಅತ್ತೆ ರೇವವ್ವ ಹೇಳುತ್ತಾರೆ. ಎತ್ತಿನ ಮಟ್ಟಿಗೆ ನನ್ನ ತಕರಾರಿಲ್ಲ. ಎತ್ತು ಸಿಗ್ನಲ್ ಮುರಿಯುವುದಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಹಳೆಯ ಬಿಳಿ ಕಾರು ಮಾರುವುದೆಂದಾಯಿತು. ಕೊಳ್ಳಲು ಬಂದವನು ಗುಡಗೇರಿಯ ಪುಂಡಲೀಕ, ಕುರಿ ವ್ಯಾಪಾರದ ಹುಡುಗ. ನನ್ನ ಗಂಡ ಮಡಿವಾಳೆಪ್ಪನವರು ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಕೈಮೇಲೆ ಹಾಕಿದರು. ಎತ್ತಿನ ಸಂತೆಯಲ್ಲಿ ಮಾಡುವ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸಿದರು. ಕಾರಿನ ಹಲ್ಲು ಎಣಿಸಲಿಲ್ಲ, ಅಷ್ಟೇ ಪುಣ್ಯ.

ಕೀಲಿ ಕೊಡುವ ಹೊತ್ತಿಗೆ ಅತ್ತೆ ಹೊಸ್ತಿಲಿನಿಂದಲೇ ಕೂಗಿದರು.

“ಲೇ ಮಡಿವಾಳಾ, ಹಗ್ಗ?”

ಎಲ್ಲರೂ ಕಾರಿನ ಕಡೆ ನೋಡಿದೆವು. ಕಾರಿಗೆ ಹಗ್ಗ ಎಲ್ಲಿಂದ ಬರಬೇಕು? ನನ್ನ ಗಂಡ ಬಹಳ ಯೋಚನೆ ಮಾಡಿ ಕಿಸೆಯಿಂದ ಆರ್‌ಸಿ ಕಾರ್ಡು ತೆಗೆದರು. “ಯವ್ವಾ, ಇದ ನೋಡು ಇದರ ಹಗ್ಗ. ಇದ್ರಾಗ ನನ್ನ ಹೆಸರೈತಿ. ಕಾರ್ ಹೋಗ್ಲಿ, ಹೆಸರ ಮನಿಯಾಗ ಇರ್ಲಿ.”

ಪುಂಡಲೀಕ ಸಿಟ್ಟಾಗುತ್ತಾನೆಂದು ನಾನು ಅಂದುಕೊಂಡೆ. ಅವನ ಮುಖ ಅರಳಿತು. “ಇಟ್ಕೋರಿ ಕಾಕಾ, ಅಗದಿ ಚಲೋ ಆತು. ಕಾರು ನನ್ನ ಹೆಸರಿಗೆ ಬಂತಂದ್ರ ಬಿಪಿಎಲ್ ಕಾರ್ಡು ಹೋಗ್ತೈತ್ರಿ. ನನಗ ಒಂದು ಝೆರಾಕ್ಸ್ ಕೊಡ್ರಿ, ಸಾಕು.”

ಒಬ್ಬರಿಗೆ ಹೆಸರು ಹೋಗಬಾರದು, ಇನ್ನೊಬ್ಬನಿಗೆ ಹೆಸರು ಬರಬಾರದು. ಜಾತಕ ನೋಡಿ ಮಾಡಿದ ಮದುವೆಯಲ್ಲೂ ಇಂಥ ಹೊಂದಾಣಿಕೆ ನಾನು ಕಂಡಿಲ್ಲ. “ಹೆಸರು ಬದಲಿ ಮಾಡಿಸಿಬಿಡ್ರಿ, ನಾಳೆ ಏನರ ಆದ್ರ?” ಎಂದೆ. “ನಿನಗೇನ ತಿಳೀತೈತಿ, ಚಾ ಮಾಡು ಹೋಗು” ಎಂದರು. ಚಹಾ ಮಾಡಿದೆ. ಅಷ್ಟರಲ್ಲಿ ಆ ಕಾರ್ಡಿಗೆ ತೂತು ಹಾಕಿ, ಹಳೆಯ ಎತ್ತಿನ ಹಗ್ಗಕ್ಕೆ ಕಟ್ಟಿ, ದನದ ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿಯೂ ಆಗಿತ್ತು.

ಕಾರು ಗುಡಗೇರಿಗೆ ಹೋಯಿತು, ಅದರ ದಂಡ ಮಾತ್ರ ನಮ್ಮ ಮನೆಗೆ ಬರತೊಡಗಿತು. ಹುಬ್ಬಳ್ಳಿಯಲ್ಲಿ ಪುಂಡಲೀಕ ಸಿಗ್ನಲ್ ಮುರಿದರೆ ಫೋಟೋ ಸಮೇತ ನೋಟಿಸು ನನ್ನ ಗಂಡನ ಮೊಬೈಲಿಗೆ. ಅವರು ಅದನ್ನು ಊರ ಕಟ್ಟೆಗೆ ಒಯ್ದು, “ನೋಡ್ರಿ, ನಮ್ಮ ಕಾರು ಹೆಂಗ ಹೊಂಟೈತಿ” ಎಂದು ತೋರಿಸುತ್ತಿದ್ದರು. ಆ ನಡುವೆ ಇನ್ಶೂರೆನ್ಸಿನ ವಾಯಿದೆ ಮುಗಿಯಿತು. ಹೆಸರಿದ್ದವರು ಕಟ್ಟುತ್ತಾರೆಂದು ಪುಂಡಲೀಕ ಸುಮ್ಮನಿದ್ದ. ಓಡಿಸುವವನು ಕಟ್ಟಲಿ ಎಂದು ಇವರು ಸುಮ್ಮನಿದ್ದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವೇ ಇರಲಿಲ್ಲ, ಕೂಸು ಮಾತ್ರ ಬಡವಾಯಿತು.

ಬಡವಾದ ಕೂಸು ನಾನೇ. ಒಂದು ಗುರುವಾರ ಪುಂಡಲೀಕ ಮನೆಮಂದಿಯನ್ನು ಯಮನೂರಿನ ದರ್ಗಾಕ್ಕೆ ಕರೆತಂದಿದ್ದ. ಅವರನ್ನು ಅಲ್ಲಿ ಇಳಿಸಿ, ರೇವವ್ವಜ್ಜಿಗೆ ಕಾರು ತೋರಿಸಿ ಬರೋಣವೆಂದು ಪ್ರೀತಿಯಿಂದ ನಮ್ಮ ಓಣಿಗೆ ತಿರುಗಿಸಿದ. ನಾನು ಕೊಟ್ಟಿಗೆಯ ಗೋಡೆಯ ಬುಡದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಕಾರು ಹಿಂದಕ್ಕೆ ಬಂತು, ನಿಲ್ಲಲೇ ಇಲ್ಲ. ಗೋಡೆಗೂ ಕಾರಿಗೂ ನಡುವೆ ನನ್ನ ಎಡಗಾಲು ಸಿಕ್ಕಿತು. ಆ ಗೋಡೆಯ ಇನ್ನೊಂದು ಮಗ್ಗುಲಿಗೇ ಗೂಟ, ಗೂಟದ ಮೇಲೆ ಹಗ್ಗ, ಹಗ್ಗದ ತುದಿಗೆ ಕಾರ್ಡು.

ಹುಬ್ಬಳ್ಳಿಯ ಡಾಕ್ಟರು ಪ್ಲಾಸ್ಟರ್ ಹಾಕಿ, ಎಲುಬು ಸೊಟ್ಟ ಕೂಡುತ್ತದೆ, ತಡಮಾಡದೆ ಆಪರೇಶನ್ ಮಾಡಿ ರಾಡು ಹಾಕಬೇಕು, ಇಲ್ಲದಿದ್ದರೆ ಜೀವನಪೂರ್ತಿ ಕುಂಟುವುದೇ ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಹೊಲಕ್ಕೆ ಬುತ್ತಿ ಹೊತ್ತು ಹೋಗುವವಳು ನಾನು, ಸರಸರ ನಡೆದವಳು. ನನ್ನ ಗಂಡನಿಗೂ ಕಣ್ಣಲ್ಲಿ ನೀರು ಬಂತು. ಆದರೆ ಅವರದೊಂದು ತತ್ವ. “ನಾವ್ಯಾಕ ಖರ್ಚು ಮಾಡೂಣು? ಹೊಡದ ಕಾರಿನ ಮಾಲಕ ಮಾಡ್ಲಿ. ಅವನ್ನ ಕೋರ್ಟಿಗೆ ಎಳೀತೀನಿ, ಬಿಡಂಗಿಲ್ಲ!” ಎಂದು ಆಸ್ಪತ್ರೆಯಲ್ಲೂ ಅಂದರು, ಊರಿಗೆ ಬಂದು ಕಟ್ಟೆಯ ಮೇಲೂ ಅಂದರು. ಪೊಲೀಸರಿಗೆ ಫಿರ್ಯಾದಿ ಕೊಟ್ಟು ಕಾರನ್ನು ಠಾಣೆಗೆ ಹಾಕಿಸಿದರು. ನಮ್ಮ ಕಾರು ಹೋಗಿ ಅವನ ಕಾರು ಆಗಿದ್ದು ಆವತ್ತೇ.

ಮುಂದೆ ಅವರೇ ಆಟೋ ಮಾಡಿ, ನನ್ನನ್ನು ಎತ್ತಿ ಕೂರಿಸಿ, ನವಲಗುಂದದ ವಕೀಲೆ ರಜಿಯಾಬೇಗಂ ಅವರಲ್ಲಿಗೆ ಕರೆದೊಯ್ದರು.

“ಮೇಡಂ, ಆ ಮಾಲಕ ಜನ್ಮದಾಗ ನೆನಪಿಡಬೇಕು, ಅಂಥಾ ಕೇಸ್ ಹಾಕ್ರಿ” ಎಂದರು.

ವಕೀಲೆ ಪೊಲೀಸರ ಕಾಗದ ಓದಿದರು. ಕಣ್ಣಿನ ಚಾಳೀಸು ತೆಗೆದು ಒರೆಸಿ ಮತ್ತೊಮ್ಮೆ ಓದಿದರು. “ನಿಮ್ಮ ಹೆಸರೇನ್ರಿ?”

“ಮಡಿವಾಳೆಪ್ಪ.”

“ಹಂಗಾರ ನೀವ ಮಾಲಕರು. ಕೇಸ್ ನಿಮ್ಮ ಮ್ಯಾಲ ಹಾಕ್ಬೇಕ್ರಿ.”

“ಏ, ಅದನ್ನ ಮಾರಿ ವರ್ಷಾತ್ರಿ! ರೊಕ್ಕ ಎಣಿಸಿಕೊಂಡೀನಿ.”

“ರೊಕ್ಕ ಎಣಿಸಿಕೊಂಡ್ರ ಸರಕಾರಕ್ಕ ತಿಳಿಯಂಗಿಲ್ರಿ. ಆರ್‌ಟಿಓ ದಫ್ತರದಾಗ ಯಾರ ಹೆಸರೈತಿ, ಕಾಯ್ದೆ ಅವ್ರನ್ನ ಮಾಲಕ ಅಂತೈತಿ. ಇನ್ಶೂರೆನ್ಸ್ ಇದ್ದಿದ್ರ ಕಂಪನಿ ಕೊಡ್ತಿತ್ತು. ಅದೂ ಇಲ್ಲ. ಓಡಿಸಿದವ್ರು ಒಬ್ರು, ನೀವೊಬ್ರು, ಇಬ್ರೂ ಕೊಡ್ಬೇಕು. ಹೆಸರು ಯಾಕ ಬದಲಿ ಮಾಡ್ಸಲಿಲ್ಲ?”

ನನ್ನ ಗಂಡ ಹಗ್ಗದ ಕಥೆ ಹೇಳಿದರು. ವಕೀಲೆ ಮುಖಕ್ಕೆ ಕಾಗದ ಅಡ್ಡ ಹಿಡಿದರು. ಕಾಗದ ಅಲುಗಾಡುತ್ತಿತ್ತು.

“ಕೇಸ್ ಬ್ಯಾಡ, ಏಳು, ಮನಿಗಿ ಹೋಗೂಣು” ಎಂದರು ಇವರು ನನಗೆ. “ಸೊಟ್ಟ ಇದ್ರೂ ಕಾಲು ಕಾಲನ ಅಲ್ಲೇನು.”

ಆಗ ಬಂದ ಸಿಟ್ಟು ನನಗೆ ಕಾರು ಗುದ್ದಿದಾಗಲೂ ಬಂದಿರಲಿಲ್ಲ. “ಮಾಲಕನ್ನ ಬಿಡಂಗಿಲ್ಲ ಅಂತ ಕಟ್ಟಿ ಮ್ಯಾಲ ಮಂದಿ ಮುಂದ ಅಂದೀರಿ. ನಿಮ್ಮ ಮಾತು ನಾನರ ಉಳಸ್ತೀನಿ” ಎಂದು ವಕಾಲತ್ತಿಗೆ ಸಹಿ ಹಾಕಿದೆ. ಪೆನ್ನು ಅವರದೇ ಕಿಸೆಯದು.

ಸಮನ್ಸು ತಂದವನು ಬಾಗಿಲಲ್ಲಿ ನಿಂತು “ಮಡಿವಾಳೆಪ್ಪ ಯಾರ್ರಿ?” ಎಂದಾಗ ಅತ್ತೆ ಅವನಿಗೆ ನೀರು ಬೆಲ್ಲ ಕೊಟ್ಟು ಕೂರಿಸಿದರು. ಅದರಲ್ಲಿ ಏನಿದೆಯೆಂದು ತಿಳಿದ ಮೇಲೆ ಬೆಲ್ಲದ ಡಬ್ಬಿ ಒಳಗಿಟ್ಟರು. ಆದರೆ ಸಮನ್ಸು ಯಾವ ಡಾಕ್ಟರೂ ಮಾಡದ ಕೆಲಸ ಮಾಡಿತು. ಕೋರ್ಟು ಹೇಳುವ ಮೊದಲೇ ಆಪರೇಶನ್ ಮಾಡಿಸಿದರೆ ಮಾನ ಉಳಿಯುತ್ತದೆ ಎಂದು ನನ್ನ ಗಂಡನಿಗೆ ಹೊಳೆಯಿತು. ದುಡ್ಡಿಗಾಗಿ ಆ ಕಾರನ್ನೇ ಮಾರಬೇಕಾಯಿತು.

ಠಾಣೆಯವರು ಕಾರನ್ನು ಹೆಸರಿದ್ದವರಿಗೇ ಬಿಟ್ಟುಕೊಟ್ಟರು. ಪುಂಡಲೀಕ, “ನಂದೆಲ್ಲಿ ಕಾರ್ರಿ? ಕಾಕಿ ಕಾಲಿಗೆ ಆಗ್ಲಿ, ನನ್ನ ರೇಶನ್ ಕಾರ್ಡ್ ಒಂದ ಉಳೀಲಿ” ಎಂದು ಕೈಮುಗಿದ. ಕಾರು ಓಣಿಗೆ ಬಂತು. ಅತ್ತೆ ಅದಕ್ಕೆ ಆರತಿ ಎತ್ತಿದರು. “ಹಗ್ಗ ಇಟ್ಕೊಂಡಿದ್ದಕ್ಕ ತಿರುಗಿ ಮನಿಗಿ ಬಂತು ನೋಡವಾ!” ನನ್ನ ಕಾಲು ಮುರಿದ ಕಾರಿಗೆ ಕುಂಕುಮ ಹಚ್ಚುವುದನ್ನು ನಾನು ಹೊರಸಿನ ಮೇಲೆ ಮಲಗಿಯೇ ನೋಡಿದೆ.

ಈ ಸಲ ಕೊಂಡವನು ಹುಬ್ಬಳ್ಳಿಯ ಡೀಲರು. ತನ್ನ ಹೆಸರಿಗೆ ಕಾಗದವಾಗದೆ ರೊಕ್ಕ ಬಿಚ್ಚಲಿಲ್ಲ. ಆಪರೇಶನ್ ಆಯಿತು. ಕೆಲವು ತಿಂಗಳಿಗೆ ಕೋಲು ಬಿಟ್ಟೆ. ನೆಟ್ಟಗೆ ನಡೆದು ಹೊಲಕ್ಕೆ ಬುತ್ತಿ ಒಯ್ದ ದಿನ ಬದುವಿನ ಮೇಲೆ ಕೂತು ಒಬ್ಬಳೇ ಅತ್ತುಬಿಟ್ಟೆ.

ಆ ದಿನ ಊಟ ಮುಗಿದ ಮೇಲೆ ನನ್ನ ಗಂಡ ಕೈ ತೊಳೆಯುತ್ತ ಮೆಲ್ಲಗೆ ಶುರು ಮಾಡಿದರು. “ಕಾಲು ನೆಟ್ಟಗಾತು. ಖರ್ಚೆಲ್ಲಾ ನಾನ ಮಾಡೀನಿ. ಇನ್ನ ಆ ಕೇಸ್ ಹಿಂದಕ್ಕ ತಗೋ. ಮಂದಿ ನಗ್ತಾರ.”

ನಾನು ಬುತ್ತಿಯ ಅರಿವೆ ಝಾಡಿಸಿ ಮಡಚಿದೆ.

“ನನ್ನ ಸಿಟ್ಟು ಆಪರೇಶನ್ ಆದ ದಿನಾನ ಬಿಟ್ಟೀನ್ರಿ” ಎಂದೆ. “ಆದ್ರ ಏನರ ಬಿಟ್ಟುಕೊಡೂ ಮುಂದ ಹಗ್ಗ ಮನಿಯಾಗ ಇಟ್ಕೋಬೇಕಂತ ಅತ್ತಿಯವರು ಹೇಳ್ಯಾರಲ್ರಿ. ಸಿಟ್ಟು ಹೋಗ್ಲಿ, ಕೇಸ್ ಇರ್ಲಿ.”

ಮುಂದಿನ ತಾರೀಖು ಸೋಮವಾರ ಇದೆ. ಬುತ್ತಿಗೆ ಬದನೆಕಾಯಿ ಪಲ್ಯ ಮಾಡು ಎಂದಿದ್ದಾರೆ.